ಕುರ್ಚಿ ಬೀದಿ ಬಿಟ್ಟ ಮೇಸ್ತ್ರಿ

ಬೆಳಗ್ಗೆ ಹತ್ತಕ್ಕೆ ಬಡಗಿ ಮೇಸ್ತ್ರಿಯ ಮರ ಕಡೆಯುವ ಯಂತ್ರದ ಬೆಲ್ಟು ಪಟ್ಟನೆ ಹರಿಯಿತು. ಸಂಜೆ ಐದರೊಳಗೆ ಹೋಟೆಲಿಗೆ ಹನ್ನೆರಡು ಕುರ್ಚಿ ಕೊಡಬೇಕು, ಅದರಲ್ಲಿ ಒಂದಕ್ಕಿನ್ನೂ ಕಾಲಿಲ್ಲ. ಹೊತ್ತಿಗೆ ಸರಿಯಾಗಿ ಕೊಟ್ಟರೆ ಹೋಟೆಲಿನ ಇನ್ನೂ ಮೂರು ಶಾಖೆಯ ಕೆಲಸ ಅವನಿಗೇ.

ಹಳೆಯ ಅಂಗಡಿ ಇದ್ದ ಕುರ್ಚಿ ಬೀದಿಯಲ್ಲೇ ಇದ್ದಿದ್ದರೆ ಬಾಗಿಲಲ್ಲಿ ನಿಂತು ಕೂಗಿದರೆ ಸಾಕಿತ್ತು. ಅಲ್ಲಿ ಒಬ್ಬ ಕಾಲು ಕಡೆದರೆ ಇನ್ನೊಬ್ಬ ಬೆತ್ತ ಹೆಣೆಯುತ್ತಾನೆ, ಎದುರಿಗೇ ಬೆಲ್ಟು, ಅಂಟು, ಮೊಳೆ. ಆದರೆ ಈ ಮಹಾಶಯ ಹೋದ ತಿಂಗಳು ಜಗಳವಾಡಿ, ಊರಾಚೆಯ ಖಾಲಿ ಮಳಿಗೆಗಳ ಸಾಲಿನಲ್ಲಿ ಒಂದನ್ನು ಹಿಡಿದಿದ್ದ. ಯಾಕೆ? ಪಕ್ಕದವರು ಗಿರಾಕಿಯ ಮುಂದೆ "ಈ ಕುರ್ಚಿ ಸೊಟ್ಟ" ಅಂದರಂತೆ. ಕುರ್ಚಿ ಸೊಟ್ಟಗೇ ಇತ್ತು, ಆ ಮಾತು ಬೇರೆ!

ಬಸ್ಸು ಹಿಡಿದು ಬೀದಿಗೆ ಓಡಿದ.

"ಅಣ್ಣಾ, ಹೊಸ ಜಾಗ ಹೆಂಗಿದೆ?" ಎಂದಳು ಪಾಲಿಶ್ ಅಂಗಡಿಯ ಅಕ್ಕ.

"ಸ್ವರ್ಗ ಕಣಮ್ಮ! ಅಗಲವಾದ ರಸ್ತೆ, ಅರ್ಧ ಬಾಡಿಗೆ. ನಿಮ್ಮ ಕಾಟ ಇಲ್ಲ!"

ತಿಂಗಳಿಂದ, ಒಂದು ಮೊಳೆಗೆ ಬಂದಾಗಲೂ ಇದೇ ಜಂಬ. ಹಲ್ಲು ಕಡಿಯುತ್ತಾ ಬೆಲ್ಟು ಕೊಂಡ.

ವಾಪಸ್ಸು ಬಂದು ಕಾಲು ಕಡೆದರೆ, ಅಂಟು ಡಬ್ಬಿಯಲ್ಲೇ ಕಲ್ಲಾಗಿತ್ತು. ಥೂ! ಮತ್ತೆ ಬಸ್ಸು.

"ನಿಜವಾಗ್ಲೂ ಸ್ವರ್ಗಾನೇನಪ್ಪಾ?" ಎಂದ ಕಾಲು ಕಡೆಯುವ ತಾತ.

"ಇನ್ನೆಷ್ಟು ಸಲ ಹೇಳ್ಲಿ? ಸ್ವರ್ಗ! ಸ್ವರ್ಗ!" ಎಂದು ಕಿರುಚಿ ಅಂಟು ತಂದ.

ಅಂಟು ಒಣಗುವಷ್ಟರಲ್ಲಿ ಪಾಲಿಶ್ ಖಾಲಿ. ಈ ಸಲ ಬಸ್ಸೇ ಬರಲಿಲ್ಲ, ಫೋನು ಬಂತು.

"ಆರೂವರೆ ಆಯ್ತಲ್ರೀ!" ಹೋಟೆಲಿನವನು ಹಾರಾಡಿದ. "ಕುರ್ಚಿ ಬೀದೀಲಿ ನಾಲ್ಕು ಅಂಗಡಿಯವ್ರು ಸೇರಿ ಒಂದೇ ಗಂಟೇಲಿ ಹನ್ನೆರಡೂ ಕೊಟ್ರು. ಮುಂದಿನದೆಲ್ಲ ಅವರಿಗೇ!"

ಮೇಸ್ತ್ರಿಗೆ ತನ್ನ ಮೇಲೆಯೇ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ತನ್ನ ಕೈಚಳಕ ಅಂದುಕೊಂಡಿದ್ದು ಇಡೀ ಬೀದಿಯ ಕೈಚಳಕವಾಗಿತ್ತಲ್ಲ! ಮಳಿಗೆಯ ಮಾಲೀಕನಿಗೆ ಫೋನಿನಲ್ಲೇ "ಬೇಡ ನಿಮ್ಮ ಅಂಗಡಿ, ಇವತ್ತೇ ಬಿಟ್ಟೆ" ಎಂದ. ಆಟೋ ಹಿಡಿದು ಹಳೆಯ ಅಂಗಡಿಯ ಯಜಮಾನನ ಮನೆಗೆ ನುಗ್ಗಿದ. ಮೂರು ವರ್ಷದ ಕರಾರಿಗೆ ಓದದೆ ಸಹಿ ಹಾಕಿದ. ಯಾವತ್ತೂ ಮುಖ ಕೊಟ್ಟು ಮಾತಾಡದ ಯಜಮಾನ ಇವತ್ತು ಗೇಟಿನವರೆಗೂ ಬಂದು ಕಳಿಸಿಕೊಟ್ಟ.

ಬೀಗದ ಕೈ ಹಿಡಿದು ಬೀದಿಗೆ ಬಂದರೆ ಸಾಲಾಗಿ ಟೆಂಪೋಗಳು. ತಾತ ತನ್ನ ಯಂತ್ರ ಹತ್ತಿಸುತ್ತಿದ್ದ.

"ಎಲ್ಲಿಗೆ ತಾತ?"

"ನಿನ್ನ ಸ್ವರ್ಗಕ್ಕೆ ಕಣಪ್ಪ! ನೀನು ಹೊಗಳಿದ್ದೇ ಹೊಗಳಿದ್ದು, ಬೀದಿಗೆ ಬೀದಿಯೇ ಹೊರಟಿದೀವಿ. ಒಂದು ಮಳಿಗೆ ಕಮ್ಮಿ ಬಿದ್ದು ಪಾಲಿಶ್ ಅಕ್ಕ ಅಳ್ತಾ ಕೂತಿದ್ಲು. ಈಗ ಅರ್ಧ ಗಂಟೆ ಮುಂಚೆ ಯಾರೋ ಪುಣ್ಯಾತ್ಮ ಬಿಟ್ಟುಕೊಟ್ನಂತೆ ನೋಡು!"