ಎರಡು ದಡಗಳ ಟಪಾಲು

...ಅಥವಾ ಆ ಗುಂಡಿ ಒತ್ತಿದ್ದು ಮಾವನ ಹೆಬ್ಬೆರಳೇ ಇರಬಹುದು, ನನ್ನ ತೋರುಬೆರಳಲ್ಲ. ಹೇಳಿದಾಗೆಲ್ಲ ಈ ಕಥೆ ಸ್ವಲ್ಪ ಸ್ವಲ್ಪ ನನ್ನ ಪರವಾಗಿ ವಾಲುತ್ತಿದೆ. ಅದಕ್ಕೇ ನನಗೇ ಅನುಮಾನ. ಖಚಿತವಾಗಿ ಹೇಳಬಲ್ಲದ್ದು ಇಷ್ಟೇ: ನನ್ನ ಸೋದರಮಾವನಷ್ಟು ಶಿಸ್ತಾಗಿ ಇಮೇಲ್ ನೋಡುವ ಮನುಷ್ಯ ಶರಾವತಿಯ ಎರಡೂ ದಡದಲ್ಲಿಲ್ಲ. ಮೂರನೆಯ ದಡವಿದ್ದರೆ ಅಲ್ಲೂ ಇರಲಾರ!

ಮಾವನ ಮನೆ ಹಿನ್ನೀರಿನ ಆಚೆ ದಡದ ತುಮರಿಯಲ್ಲಿ. ನೌಕರಿ ಈಚೆ, ಸಾಗರದ ಒಂದು ಕಚೇರಿಯ ಟಪಾಲು ವಿಭಾಗದಲ್ಲಿ. ಬಂದ ಕಾಗದಕ್ಕೆಲ್ಲ ಮೊಹರು ಒತ್ತಿ ಆವಕ ಸಂಖ್ಯೆ ಬರೆಯುವುದು ಅವರ ಕೆಲಸ. ಈ ಚಟ ಮನೆಗೂ ಬಂದಿತ್ತು. ಅತ್ತೆ ಸಾಮಾನಿನ ಚೀಟಿ ಕೊಟ್ಟರೆ ಅದರ ಮೂಲೆಯಲ್ಲಿ 'ಸ್ವೀಕರಿಸಿದೆ' ಎಂದು ಸಹಿ ಹಾಕಿ ಅವರಿಗೇ ವಾಪಸು ಕೊಡುತ್ತಿದ್ದರು. ಸಾಮಾನು ಮಾತ್ರ ಬರುತ್ತಿರಲಿಲ್ಲ.

ಇದೇ ಚಟ ಅವರ ಅಕ್ಕನನ್ನು, ಅಂದರೆ ತೀರ್ಥಹಳ್ಳಿಯಲ್ಲಿರುವ ನನ್ನ ಅಮ್ಮನನ್ನು, ದೂರ ಮಾಡಿತು. ಹೊಸನಗರದಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಅಮ್ಮ, "ನಮ್ಮನಿ ಕಡೆ ಒಂದ್ಸಲ ಬಾರೋ ತಮ್ಮಾ, ಎಷ್ಟ್ ದಿನ ಆತು" ಎಂದಳು. ಮಾವ ಹೋಳಿಗೆ ಮುರಿಯುತ್ತ, ನಾಲ್ಕು ಜನಕ್ಕೆ ಕೇಳುವಂತೆ, "ಬರಹದಲ್ಲಿ ಕೊಡಕ್ಕಾ, ನೋಡಾಣ" ಎಂದರು. ಇಡೀ ಪಂಕ್ತಿ ನಕ್ಕಿತು. ಅಮ್ಮ ಎಲೆ ಮಡಿಸಿ ಎದ್ದಳು. ಆಮೇಲೆ ಆರು ವರ್ಷ ಮಾತಿಲ್ಲ. (ಅಮ್ಮ ಐದು ಅನ್ನುತ್ತಾಳೆ, ಮಾವ ಏಳು. ನಾನು ನಡುವೆ ನಿಂತಿದ್ದೇನೆ.)

ಮಾವ ಹೊಸ ಫೋನ್ ಕೊಂಡಾಗ ಸಾಗರದಲ್ಲೇ ಇರುವ ನನ್ನನ್ನು ಕರೆದರು.

"ಆಫೀಸಿಂದು, ಮನೇದು ಎರಡೂ ಮೇಲ್ ಒಂದೇ ಕಡೆ ಬರೋ ಹಂಗೆ ಮಾಡ್ಲಾ ಮಾವ?"

"ಥೋ! ಮೀನೂ ಮಲ್ಲಿಗೇನೂ ಒಂದೇ ಬುಟ್ಟೀಲಿ ಹಾಕ್ತಾರೇನೇ ಮಾರಾಯ್ತಿ?"

"ಸರಿ, ಬಂದ ಕೂಡ್ಲೆ ಗಂಟೆ ಹೊಡೀಬೇಕಾ, ಇಲ್ಲಾ ನೀವೇ ತೆಗೆದು ನೋಡ್ತೀರಾ?"

ಮಾವ ಲೋಟದ ಚಹಾ ಪೂರ್ತಿ ಮುಗಿಸಿ ಕೆಳಗಿಟ್ಟರು. "ಆಫೀಸಿಂದು ಗಂಟೆ ಹೊಡ್ಕೊಂಡು ಬರ್ಲಿ, ಅದಕ್ಕೆ ಮರ್ಯಾದಿ ಇಲ್ಲ. ಮನೇದನ್ನ ನಾನೇ ಹೋಗಿ ಕರ್ಕೊಂಡ್ ಬರ್ತೀನಿ."

"ನಿಮಗೆ ಮೇಲ್ ಕಳಿಸೋ ಮನೆಯವ್ರು ಯಾರು ಮಾವ?"

"ಬರಹದಲ್ಲಿ ಕೊಡು ಅಂದಿದೀನಲ್ಲ ಒಬ್ರಿಗೆ." ಕಿಟಕಿಯತ್ತ ತಿರುಗಿದರು. "ವಿಳಾಸ ನಿಮ್ಮಮ್ಮಂಗೆ ಕೊಟ್ಟಿರು. ನಾನ್ ಕೊಟ್ಟೆ ಅನ್ಬೇಡ."

ಅಮ್ಮ, "ಇದನ್ನೇನು ಉಪ್ಪು ಹಾಕ್ಕೊಂಡು ನೆಕ್ಕಲಾ?" ಎಂದು ನಾನು ಕೊಟ್ಟ ವಿಳಾಸದ ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಳು. ಹರಿದು ಹಾಕಲಿಲ್ಲ.

ಮಾವನ ಕಾನೂನು ಜಾರಿಗೆ ಬಂತು. ಸಂಜೆ ಲಾಂಚ್ ಹತ್ತುವ ಹೊಳೆಬಾಗಿಲು ಮುಟ್ಟಿದರೆ ಆಫೀಸಿನ ಮೇಲ್ ಬಂದ್. ಲಾಂಚ್ ಇಳಿದು ಆಚೆ ದಡದಲ್ಲಿ ಮನೆಯದು ಶುರು. ನಡುವೆ ಫೋನ್ ಜೇಬಿನಲ್ಲಿ. "ನೀರಿನ ಮೇಲೆ ನಾನು ಯಾರ ಗುಮಾಸ್ತನೂ ಅಲ್ಲ, ಯಾರ ತಮ್ಮನೂ ಅಲ್ಲ!" ಒಮ್ಮೆ ಅವರ ಸಾಹೇಬರೇ ಅದೇ ಲಾಂಚಿನಲ್ಲಿದ್ದರು.

"ಏನ್ರೀ, ನಾನು ಕಳಿಸಿದ ಮೇಲ್ ನೋಡಿದ್ರಾ?"

"ದಡ ಬರ್ಲಿ ಸಾರ್."

"ಬಂತಲ್ರೀ ದಡ!"

"ಇದು ಆ ದಡ ಅಲ್ಲ ಸಾರ್."

ದಿನಾ ಇಳಿದವರೇ ಪಕ್ಕಕ್ಕೆ ನಿಂತು ಮನೆಯ ಮೇಲ್ ತೆರೆದು ನೋಡುತ್ತಿದ್ದರು. ಸಿಗುತ್ತಿದ್ದದ್ದು ಬೋಳುತಲೆಗೆ ಎಣ್ಣೆ ಮತ್ತು ದುಬೈಯಲ್ಲಿ ಫ್ಲ್ಯಾಟು. "ಇವಕ್ಕೆಲ್ಲ ಸಂಖ್ಯೆ ಹಾಕಲ್ಲ. ಒಂದನೇ ನಂಬರ್ ಖಾಲಿ ಇಟ್ಟಿದೀನಿ" ಎನ್ನುತ್ತಿದ್ದರು.

ಆಮೇಲೆ ಸೇತುವೆ ಆಯಿತು. ಊರೆಲ್ಲ ಕುಣಿದರೆ ಮಾವ ಮುಖ ಊದಿಸಿದರು. "ಬೈಕಲ್ಲಿ ಕಣ್ಣ್ ಮುಚ್ಚಿ ತೆಗೆಯೋದ್ರೊಳಗೆ ದಾಟ್ತೀನಲ್ಲೇ! ಗುಮಾಸ್ತ ಇಳಿಯೋದ್ ಎಲ್ಲಿ, ತಮ್ಮ ಹತ್ತೋದ್ ಎಲ್ಲಿ?"

ಪರಿಹಾರ ಹೇಳಿದ್ದು ನಾನೇ. ಆಫೀಸಿನ ಮೇಲ್‌ಗೆ ಫೋನೇ ತಾನಾಗಿ ಉತ್ತರ ಕೊಡಲಿ, ಮಾವ ನೆಮ್ಮದಿಯಾಗಿ ದಾಟಲಿ. ಮಾವ ಒಕ್ಕಣೆ ಹೇಳಿದರು: "ತಮ್ಮ ಪತ್ರ ತಲುಪಿದೆ. ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು." ಸಾಗರದ ಹೋಟೆಲೊಂದರಲ್ಲಿ ಇಬ್ಬರೂ ಫೋನಿನ ಮೇಲೆ ಬಗ್ಗಿದ್ದೆವು. ಯಾರದೋ ಬೆರಳು ಗುಂಡಿ ಒತ್ತಿತು. ಉತ್ತರ ಹೋಗಿ ಕೂತದ್ದು ಆಫೀಸಿನ ಮೇಲ್‌ಗಲ್ಲ, ಮನೆಯದಕ್ಕೆ!

ವಾರದೊಳಗೆ ಬೋಳುತಲೆಯ ಎಣ್ಣೆಯವರಿಗೂ ಕ್ರಮದ ಭರವಸೆ ಸಿಕ್ಕಿತು. ಅಮ್ಮನಿಗೂ.

"ಬರಹದಲ್ಲೇ ಕೊಟ್ಟೆ ಕಣೇ ನಿನ್ ಮಾವಂಗೆ," ಎಂದು ಅಮ್ಮ ಫೋನಿನಲ್ಲಿ ಗುಡುಗಿದಳು. "ಅರ್ಧ ದಿನ ಕೂತು ಬರ್ದೆ. ಕಳಿಸಿ ಕನ್ನಡಕ ತೆಗಿಯೋದ್ರೊಳಗೆ ಕ್ರಮ ಕೈಗೊಳ್ತೀವಿ ಅಂತ ಬಂತು! ನಾನೇನು ಚರಂಡಿ ರಿಪೇರಿ ಕೇಳಿದ್ನಾ?"

ಅಷ್ಟು ಹೇಳಿದವಳೇ ಫೋನ್ ಇಟ್ಟಳು. ನಾನು ಮಾವನಿಗೆ ಮೇಲಿಂದ ಮೇಲೆ ಫೋನ್ ಮಾಡಿದೆ. ಎತ್ತಲಿಲ್ಲ. ಸೇತುವೆಯ ಮೇಲಿದ್ದರೋ ಏನೋ.

ಮರುದಿನ ಬೆಳಿಗ್ಗೆ ನನ್ನ ಬಾಗಿಲಲ್ಲಿ ಬೈಕ್ ನಿಂತಿತು. "ಹತ್ತೇ" ಎಂದರು ಮಾವ. ಹೊಸನಗರದಲ್ಲಿ ಆ ಮದುವೆ ಛತ್ರದ ಮುಂದೆ ಬೈಕ್ ಸ್ವಲ್ಪ ನಿಧಾನವಾಯಿತು. ಆಮೇಲೆ ತೀರ್ಥಹಳ್ಳಿಯವರೆಗೂ ಎಲ್ಲೂ ನಿಲ್ಲಲಿಲ್ಲ.

ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಎಂಥದಾ?"

"ಕ್ರಮ ಕೈಗೊಳ್ಳಾಣ ಅಂತ ಬಂದೆ ಅಕ್ಕಾ."

ಅಮ್ಮ ನಗಲಿಲ್ಲ. "ಸಂಖ್ಯೆ ಹಾಕಿದ್ಯಾ?"

ಮಾವ ಅಂಗಿಯ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಮನೆಯಲ್ಲಿ ಪ್ರಿಂಟರ್ ಎಲ್ಲಿದೆ? ಅಕ್ಕನ ಇಡೀ ಪತ್ರವನ್ನು ತಮ್ಮ ಕೈಯಿಂದಲೇ ನಕಲು ಮಾಡಿದ್ದರು. ಮೇಲೆ ಕೆಂಪು ಶಾಯಿಯಲ್ಲಿ, ಆವಕ ಸಂಖ್ಯೆ ೧.

ಅಮ್ಮ ಹಾಳೆಯನ್ನು ನೋಡಿದಳು, ಬಾಗಿಲಿನಿಂದ ಸರಿದಳು. "ಕಾಲ್ ತೊಳ್ಕೊಂಡ್ ಬಾ. ದೋಸೆ ತಣಿತದೆ."

ಆ ಹಾಳೆಯಲ್ಲಿ ಏನಿತ್ತೆಂದು ಇಬ್ಬರೂ ನನಗೆ ಹೇಳಿಲ್ಲ. ಗುಂಡಿ ಒತ್ತಿದ್ದು ಯಾರೆಂದು ಗೊತ್ತಿಲ್ಲ. ಒತ್ತದೇ ಇದ್ದಿದ್ದರೆ ಮಾವ ಬರುತ್ತಿದ್ದರೋ, ಬರಹದಲ್ಲೇ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದರೋ, ಅದೂ ಗೊತ್ತಿಲ್ಲ.