ಜಾತಕದ ಕಂಪ್ಯೂಟರು ಬೇಗ ಎದ್ದ ದಿನ

ಮುಳಬಾಗಿಲಿನ ಪ್ರಹ್ಲಾದ ಕಂಪ್ಯೂಟರಿನ ಗುಂಡಿ ಒತ್ತಿ, ಸ್ನಾನ ಮಾಡಿ, ಸಂಧ್ಯಾವಂದನೆ ಮುಗಿಸಿ ಬಂದರೂ ಅದು ಎದ್ದಿರುತ್ತಿರಲಿಲ್ಲ. ತೆರೆಯ ಮೇಲೆ ಮರಳುಗಡಿಯಾರ, ಪೆಟ್ಟಿಗೆಯೊಳಗೆ ಯಾರೋ ರಾಗಿ ಬೀಸುವಂಥ ಸದ್ದು. ಜಾತಕ ಹಾಕಿಸಲು ಬಂದವರು ಜಗಲಿಯಲ್ಲೇ ತೂಕಡಿಸುತ್ತಿದ್ದರು. ಅವನು ಅದಕ್ಕೆಲ್ಲ ತಲೆ ಕೆಡಿಸಿಕೊಂಡವನಲ್ಲ. ಆದರೆ ಈ ಬುಧವಾರ ಕೂಡಿಸಬೇಕಾಗಿದ್ದದ್ದು ಸ್ವಂತ ತಂಗಿ ಶ್ರೀವಾಣಿಯ ಜಾತಕ.

ಅಪ್ಪ ಅಮ್ಮ ಇಲ್ಲದ ಹುಡುಗಿ. ವಯಸ್ಸು ಮೂವತ್ತು ದಾಟಿತ್ತು. ನೋಡಲು ಬಂದವರಿಗೆಲ್ಲ ಉಪ್ಪಿಟ್ಟು ಕೆದಕಿ ಕೆದಕಿ ಬಾಣಲೆಯ ತಳ ಸವೆದಿತ್ತು.

ಮಾಲೂರಿನಿಂದ ಶ್ಯಾಮಲಮ್ಮ ಮಗ ಸುಮಧ್ವನ ಜೊತೆ ಬಂದಿಳಿದರು. ಹುಡುಗನ ಜಾತಕವನ್ನು ಮೊದಲೇ ಕಳಿಸದೆ ಕೈಚೀಲದಲ್ಲೇ ತಂದಿದ್ದರು.

"ನೀವು ಕೈಲಿ ಗುಣಿಸಿದ್ರೆ ತಂಗಿ ಪಕ್ಷ ಬಂದ್ಬಿಡುತ್ತೆ, ತಪ್ಪು ತಿಳ್ಕೋಬೇಡಿ. ಮಷೀನೇ ಹೇಳ್ಲಿ. ರಾಹುಕಾಲ ಬರೋದ್ರೊಳಗೆ ಆಗ್ಬಿಡ್ಲಿ."

ಪ್ರಹ್ಲಾದ ಹುಡುಗನ ಜಾತಕ ಇಸಕೊಂಡು ಒಳಕೋಣೆಗೆ ಹೋಗಿ ಗುಂಡಿ ಒತ್ತಿದ. ಮರಳುಗಡಿಯಾರ ಬಂತು, ಹೋಗಲಿಲ್ಲ. ಪಕ್ಕದ ಮನೆಯ ರಾಧಮ್ಮ ಹಿತ್ತಿಲ ಬಾಗಿಲಿಂದ ಬಂದವರೇ, "ಪಶ್ಚಿಮಕ್ಕೆ ಮುಖ ಮಾಡಿ ಕೂರ್ಸಿದ್ರೆ ಅದು ಯಾವಾಗಪ್ಪಾ ಏಳುತ್ತೆ? ಪೂರ್ವಕ್ಕೆ ತಿರುಗ್ಸು!" ಎಂದರು. ತಿರುಗಿಸುವಾಗ ವೈರು ಕಿತ್ತುಬಂತು. ಮತ್ತೆ ಮೊದಲಿನಿಂದ ರಾಗಿ ಬೀಸುವುದಾಯಿತು.

ಎದುರಿನ ಎಸ್‌ಟಿಡಿ ಬೂತಿನ ನಂದಕಿಶೋರ್ ಓಡಿಬಂದ. ಕೋಲಾರದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವನು.

"ಏಮಣ್ಣಾ, ಇದ್ರೊಳಗೆ ಏನೇನು ತುಂಬಿದ್ದೀಯ? ಗಡಿಯಾರ, ಪಂಚಾಂಗ, ಸುಪ್ರಭಾತ, ತೆರೆ ಮೇಲೆ ಓಡಾಡೋ ಗಿಣಿ! ಆನ್ ಮಾಡಿದ ತಕ್ಷಣ ಇಷ್ಟೂ ಒಟ್ಟಿಗೆ ಏಳ್ಬೇಕು."

"ಗಿಣಿ ನೀನೇ ಹಾಕಿದ್ದಲ್ಲೋ!"

"ಹಾಕ್ದಾಗ ಚೆನ್ನಾಗಿತ್ತಣ್ಣಾ."

ಮದುವೆಮನೆ ಬಾಗಿಲಲ್ಲಿ ಚಪ್ಪಲಿ ಬಿಡಲು ನೂಕಾಡುವ ನೆಂಟರಂತೆ ಎಲ್ಲವೂ ಸಿಕ್ಕಿಕೊಂಡಿದ್ದವು. ಇಬ್ಬರೂ ಬೆವರು ಸುರಿಸುತ್ತ ಒಂದೊಂದನ್ನೇ ತೆಗೆಯತೊಡಗಿದರು.

ಇತ್ತ ನಡುಮನೆಯಲ್ಲಿ ಕಾಫಿ ಮುಗಿದು, ಮಾತೂ ಮುಗಿದು, ಕಾಯುವುದಷ್ಟೇ ಉಳಿದಿತ್ತು. ಸುಮಧ್ವ ಗಂಟಲು ಸರಿಮಾಡಿಕೊಂಡ.

"ನಮ್ಮ ಮಾಲೂರಿನ ರೈಲೂ ಹೀಗೇ ರೀ. ಹೊರಡುತ್ತೆ ಅನ್ನೋದೇ, ಹೊರಡಲ್ಲ."

"ಅದು ಹೊರಟ್ರೆ ಊರಾದ್ರೂ ಸೇರುತ್ತೆ," ಎಂದಳು ಶ್ರೀವಾಣಿ, ತಲೆ ಎತ್ತದೆ. "ಇದು ಎದ್ರೂ ಅಲ್ಲೇ ಇರುತ್ತೆ."

ಅವನು ನಕ್ಕ. ಅವಳಿಗೂ ನಗು ಬಂತು. ಆಮೇಲೆ ಅವನು ರೈಲಿನಲ್ಲಿ ಇಸ್ಪೀಟಾಡುವವರ ಕತೆ ಹೇಳಿದ, ಅವಳು ರಾಧಮ್ಮನ ವಾಸ್ತುವಿನ ಕತೆ ಹೇಳಿದಳು. ಶ್ಯಾಮಲಮ್ಮ ಇಬ್ಬರನ್ನೂ ನೋಡುತ್ತ ಕೂತಿದ್ದರು. ಕೊನೆಗೆ ಗಡಿಯಾರ ನೋಡಿ ಎದ್ದು, ಅಷ್ಟರಲ್ಲಿ ನಡುಮನೆಗೆ ಬಂದಿದ್ದ ರಾಧಮ್ಮನ ಕಡೆ ತಿರುಗಿದರು.

"ರಾಧಮ್ಮ, ಆ ಮಷೀನು ಬೇಡ ಬಿಡಿ. ಇವನಪ್ಪ ಹೋದ್ಮೇಲೆ ನನ್ನ ಮಗ ಹೀಗೆ ನಕ್ಕಿದ್ದು ಇವತ್ತೇ. ಕುಂಕುಮ ತನ್ನಿ, ರಾಹುಕಾಲಕ್ಕೆ ಮುಂಚೆ ಹುಡುಗಿಗೆ ಇಟ್ಬಿಡ್ತೀನಿ."

ರಾಧಮ್ಮ ಕುಂಕುಮದ ಭರಣಿ ತಂದರು. ಶ್ರೀವಾಣಿ ತಲೆ ಬಗ್ಗಿಸಿದಳು. ಶ್ಯಾಮಲಮ್ಮನ ಬೆರಳು ಭರಣಿಗಿಳಿಯಿತು.

ಇದಾವುದೂ ಪ್ರಹ್ಲಾದನಿಗೆ ಕೇಳಿಸಿರಲಿಲ್ಲ. ಒಳಗೆ ಕಂಪ್ಯೂಟರು, ಹೆಸರು ಹಿಡಿದು ಕರೆದ ಮಗುವಿನಂತೆ, ಥಟ್ಟನೆ ಎದ್ದಿತ್ತು. ಎರಡೂ ಜಾತಕದ ವಿವರ ಹೊಡೆದ. ಪ್ರಿಂಟರು ಕಿರ್ರೆಂದು ಹಾಳೆ ಉಗುಳಿತು. ಓದುವಷ್ಟೂ ತಾಳ್ಮೆಯಿಲ್ಲದೆ ಬೀಸುತ್ತ ಹೊರಗೋಡಿದ.

"ಆಯ್ತಮ್ಮಾ, ಆಯ್ತು! ರಾಹುಕಾಲಕ್ಕೆ ಮುಂಚೇನೇ!"

ರಾಧಮ್ಮ ಇನ್ನೊಂದು ಕೈಯಲ್ಲಿ ಹಾಳೆ ಕಿತ್ತುಕೊಂಡು, ಅಭ್ಯಾಸಬಲದಿಂದ, ಬೀದಿಗೆಲ್ಲ ಕೇಳುವಂತೆ ಓದಿದರು: "ಏಕನಾಡಿ ದೋಷ. ವರನಿಗೆ ಪ್ರಾಣಭಯ. ವಿವಾಹ ಕೂಡದು."

ಕುಂಕುಮದ ಬೆರಳು ನಡುದಾರಿಯಲ್ಲಿ ನಿಂತಿತು.

"ಗೊತ್ತಿಲ್ದೇ ಇದ್ದಿದ್ರೆ ಮಾಡ್ಕೊಳ್ತಿದ್ದೆ, ತಾಯಿ," ಎಂದರು ಶ್ಯಾಮಲಮ್ಮ. ಕಣ್ಣು ತುಂಬಿತ್ತು. "ಗೊತ್ತಾದ್ಮೇಲೆ ಹೇಗೆ? ನನಗಿರೋದು ಇವನೊಬ್ಬ."

ಸುಮಧ್ವ ಗೇಟಿನ ಹತ್ತಿರ ಒಮ್ಮೆ ನಿಂತ. ಅಮ್ಮ ಕರೆದರು. ಹೋದ.

"ಸ್ಪೀಡು ನೋಡಿದ್ಯಾ ಅಣ್ಣಾ?" ಎಂದು ಒಳಗಿನಿಂದ ನಂದಕಿಶೋರ್ ಕೂಗಿದ.

ಪ್ರಹ್ಲಾದ ಹೊಸ್ತಿಲ ಮೇಲೆ ಕೂತು ಕಣ್ಣೊರೆಸಿಕೊಂಡ. ಶ್ರೀವಾಣಿ ಲೋಟಗಳನ್ನು ಎತ್ತಿಕೊಂಡು ಬಂದು ಅವನ ಪಕ್ಕ ನಿಂತಳು.

"ಅಳ್ಬೇಡ ಕಣೋ ಅಣ್ಣಾ. ಉಳಿದೋರೆಲ್ಲ ಕಾಫಿ ಕುಡಿದ ತಕ್ಷಣ ಎದ್ಹೋಗ್ತಿದ್ರು. ಇವ್ರು ಎಷ್ಟೊತ್ತು ಇದ್ರು, ಅಲ್ವಾ?"