ರಾಣಿ ಅರಮನೆ ಇಳಿಯೋರು ಬನ್ನಿ

ಈ ಊರನ್ನು ನನ್ನ ಹಾಗೆ ತಿಳಿದವರು ಇನ್ನೊಬ್ಬರಿಲ್ಲ ಎಂದು ಅಕ್ಕನಿಗೆ ಹೇಳಿಬಿಟ್ಟೆ. ಹೇಳುವಾಗ ಕೈಯಲ್ಲಿ ಸೂಜಿ ಇತ್ತು. ಸೂಜಿ ಹಿಡಿದವರು ಬಡಾಯಿ ಕೊಚ್ಚಬಾರದು, ಚುಚ್ಚಿಕೊಳ್ಳುತ್ತದೆ. ಚುಚ್ಚಿಕೊಂಡಿತು.

ಅಕ್ಕ ಬಂದದ್ದು ನನ್ನನ್ನು ತನ್ನ ಊರಿಗೆ ಕರೆದುಕೊಂಡು ಹೋಗಲಿಕ್ಕೆ. ಯಜಮಾನರು ತೀರಿಕೊಂಡ ಮೇಲೆ ಈ ಮನೆಯಲ್ಲಿ ನಾನೊಬ್ಬಳೇ. ದರ್ಜಿಯ ಅಂಗಡಿಯವರು ಅಂಗಿಗಳನ್ನು ತಂದು ಹಾಕುತ್ತಾರೆ, ನಾನು ಕಾಜಾ ಹೊಲಿದು ಗುಂಡಿ ಹಚ್ಚಿ ಕೊಡುತ್ತೇನೆ. ಹೊಟ್ಟೆಗೆ ಸಾಲುತ್ತದೆ. ಅಷ್ಟು ಸಾಲದು ಎಂದು ಅಕ್ಕನ ವಾದ.

"ಇಷ್ಟು ದೊಡ್ಡ ಊರಲ್ಲಿ ನೀನೊಬ್ಬಳೇ ಏನು ಮಾಡ್ತೀಯೆ? ಒಂದು ಬಸ್ಸು ಹತ್ತೋಕೆ ಬರತ್ತಾ ನಿನಗೆ?"

"ಊರೆಲ್ಲ ಗೊತ್ತು ನನಗೆ."

"ಯಾವ ಊರು? ಮನೆಯಿಂದ ದರ್ಜಿ ಅಂಗಡಿ, ದರ್ಜಿ ಅಂಗಡಿಯಿಂದ ಮನೆ. ಗಾಣದೆತ್ತು ನಿನಗಿಂತ ಜಾಸ್ತಿ ಊರು ನೋಡಿರತ್ತೆ."

ನಾನು ಸಿಟ್ಟಿನಲ್ಲಿ ಒಂದು ಗುಂಡಿಯನ್ನು ಅಂಗಿಯ ಬೆನ್ನಿಗೆ ಹಚ್ಚಿದೆ.

"ಹೋಗಲಿ, ನನಗೆ ಊರು ತೋರಿಸು. ಒಂದು ದಿನ. ಯಾರನ್ನೂ ದಾರಿ ಕೇಳಬಾರದು. ನೋಡೋದನ್ನ ನೋಡಿ ವಾಪಸ್ಸು ಮನೆ ಸೇರಿಸಿದೆಯೋ, ಇಲ್ಲೇ ಇರು, ನಾನು ಇನ್ನೊಂದು ಮಾತಾಡಲ್ಲ. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ನನ್ನ ಜೊತೆ ಹೊರಡಬೇಕು."

"ರಾಣಿ ಅರಮನೇನೇ ತೋರಿಸ್ತೀನಿ, ನಡಿ" ಎಂದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಯಜಮಾನರು ಬಸ್ ಕಂಡಕ್ಟರ್. ನಮ್ಮ ಮನೆ ಮುಂದೆ ಹಾದು ಹೋಗುವ ಬಸ್ಸೇ ಅವರದು. ಆದರೆ ಅದಕ್ಕೆ ನಾನು ಒಂದು ದಿನವೂ ಹತ್ತಿದವಳಲ್ಲ. "ನೀನು ಹತ್ತಿದರೆ ನಾನು ಟಿಕೆಟ್ ಕೊಡಬೇಕು. ಕೊಟ್ಟರೆ ಮನೇಲಿ ಜಗಳ, ಬಿಟ್ಟರೆ ಆಫೀಸಲ್ಲಿ ಜಗಳ" ಎನ್ನುತ್ತಿದ್ದರು. ಬೇರೆ ಎಲ್ಲಿಗಾದರೂ ಹೋಗಬೇಕಾದರೆ ಅವರು ಮುಂದೆ, ನಾನು ಹಿಂದೆ. ನಾನು ಕಂಡ ಊರು ಎಂದರೆ ಅವರ ಬೆನ್ನು.

ಹಾಗಿದ್ದರೂ ಊರು ನನಗೆ ಗೊತ್ತಿತ್ತು. ಬೆಳಗಿನ ಪಾಳಿ ಮುಗಿಸಿ ಬಂದು, ಉಂಡು, ಅವರು ಕಿಟಕಿಯ ಕೆಳಗೆ ಚಾಪೆ ಹಾಕಿ ಮಲಗುತ್ತಿದ್ದರು. ನಾನು ಪಕ್ಕದಲ್ಲಿ ಕಾಜಾ ಹೊಲಿಯುತ್ತಿದ್ದೆ. ಬಿಸಿಲು ಗೋಡೆಯ ಮೇಲೆ ಮೆಲ್ಲಗೆ ಜರುಗುತ್ತಿತ್ತು. ಅವರಿಗೆ ಕಣ್ಣು ಹತ್ತಿದ ಸ್ವಲ್ಪ ಹೊತ್ತಿಗೆ ಬಸ್ಸು ಹೊರಡುತ್ತಿತ್ತು.

"ಕೆರೆ ಏರಿ, ಕೆರೆ ಏರಿ... ಹಿಂದಿನೋರು ಮುಂದೆ ಬನ್ನಿ... ಹಳೆ ಜೈಲು... ಚಿಲ್ಲರೆ ಕೊಡ್ರಿ... ಗಡಿಯಾರ ಗೋಪುರ..."

ನಿದ್ದೆಯಲ್ಲೇ ಕೂಗುತ್ತಿದ್ದರು. ಜೋರಾಗಿ ಅಲ್ಲ, ಲಾಲಿ ಹಾಡುವ ಹಾಗೆ. ನನಗೆ ಕೆರೆ ಕಾಣುತ್ತಿತ್ತು. ಜೈಲಿನ ಗೋಡೆ ಕಾಣುತ್ತಿತ್ತು. ಹೂವಿನ ಮಾರುಕಟ್ಟೆ ಎಂದಾಗ ಮೂಗಿಗೆ ವಾಸನೆ ಬರುತ್ತಿತ್ತು. ಕೊನೆಗೆ, "ರಾಣಿ ಅರಮನೆ, ರಾಣಿ ಅರಮನೆ, ಇಳಿಯೋರು ಬನ್ನಿ." ಅದನ್ನು ಹೇಳಿದ ಕೂಡಲೇ ಎದ್ದು ಕೂತು ಟೀ ಕೇಳುತ್ತಿದ್ದರು.

"ಅದ್ಯಾವುದ್ರೀ ರಾಣಿ ಅರಮನೆ?" ಎಂದು ಕೇಳಿದರೆ, "ನಾನೆಲ್ಲಿ ನಿದ್ದೇಲಿ ಮಾತಾಡ್ತೀನಿ? ನೀನೇ ಗೊರಕೆ ಹೊಡೀತೀಯ" ಎನ್ನುತ್ತಿದ್ದರು.

ಅವರು ಹೋದ ಮೇಲೆ ಮಧ್ಯಾಹ್ನದ ಆ ಬಸ್ಸು ನಿಂತುಹೋಯಿತು. ಬಿಸಿಲು ಮಾತ್ರ ಬಂದು ಗೋಡೆ ಹತ್ತಿ ಹೋಗುತ್ತದೆ.

ಮರುದಿನ ಹೊರಟೆವು. ನಮ್ಮ ಸ್ಟಾಪಿನ ಹೆಸರು ಗುಜರಿ ಅಂಗಡಿ. ಹಳೇ ಕಬ್ಬಿಣ, ಮುರಿದ ಸೈಕಲ್ಲು, ಬಾಗಿಲಿಲ್ಲದ ಬೀರು ಎಲ್ಲ ರಸ್ತೆಯವರೆಗೂ ಚೆಲ್ಲಿರುತ್ತವೆ. ಹೊಸಬರಿಗೆ ನನ್ನ ಮೊದಲ ಬುದ್ಧಿಮಾತು: ಬಸ್ಸು ಬರುವಾಗ ಮುಖದಲ್ಲಿ ಗಾಬರಿ ಇರಬಾರದು. ದಿನಾ ಹತ್ತುವವಳ ಹಾಗೆ ಆಕಳಿಸಬೇಕು. ನಾನು ಆಕಳಿಸಿದೆ. ಆಕಳಿಸಿ ಮುಗಿಯುವುದರೊಳಗೆ ಬಸ್ಸು ನನ್ನನ್ನು ದಾಟಿ ಮುಂದೆ ಹೋಗಿ ನಿಂತಿತ್ತು. ಓಡಿ ಹತ್ತಿದೆವು.

"ರಾಣಿ ಅರಮನೆ ಎರಡು" ಎಂದೆ, ಗತ್ತಿನಲ್ಲಿ.

ಕಂಡಕ್ಟರ್ ಕೆಲಸಕ್ಕೆ ಹೊಸಬ. "ಅಂಥ ಸ್ಟಾಪಿಲ್ಲಮ್ಮ."

"ಕೊನೆ ಸ್ಟಾಪು."

"ಕೊನೆ ಸ್ಟಾಪು ಕೆರೆ ಏರಿ."

"ಕೆರೆ ಏರಿ ಮೊದಲನೇದಲ್ವಾ?"

ಅವನು ನನ್ನನ್ನು ನೋಡಿದ. ಅಕ್ಕ ಅವನನ್ನು ನೋಡಿದಳು. "ಕೊನೆವರೆಗೂ ಕೊಡಿ" ಎಂದೆ.

ಮೊದಲು ಬಂದದ್ದು ಹೂವಿನ ಮಾರುಕಟ್ಟೆ. ಆಮೇಲೆ ಗಡಿಯಾರ ಗೋಪುರ. ಆಮೇಲೆ ಹಳೆ ಜೈಲು. ಎಲ್ಲ ತಿರುವು ಮುರುವು. "ಊರನ್ನೇ ಉಲ್ಟಾ ಮಾಡಿಟ್ಟಿದ್ದಾರೆ" ಎಂದು ಗೊಣಗಿದೆ.

"ಊರು ಸರಿಯಾಗಿದೆ ಕಣೇ" ಎಂದಳು ಅಕ್ಕ.

ಆದರೆ ನಿಜ ಹೇಳುತ್ತೇನೆ, ನನಗೆ ಬೇಸರವಾಗಲಿಲ್ಲ. ಕಿಟಕಿಗೆ ತಲೆ ಒರಗಿಸಿ ಕೂತಿದ್ದೆ. ಗೋಪುರದ ಗಡಿಯಾರ ನಿಂತಿತ್ತು. ನಾನು ಎಣಿಸಿದ್ದ ಹಾಗೆಯೇ ಇತ್ತು. ಜೈಲಿನ ಗೋಡೆಯ ಮೇಲೆ ಹಸಿರು ಬೆಳೆದಿತ್ತು, ಅದನ್ನೂ ಎಲ್ಲೋ ಕಂಡಿದ್ದೆ. ಒಬ್ಬ ಮನುಷ್ಯನ ನಿದ್ದೆಯೊಳಗೆ ಬಸ್ಸು ಹೋಗುತ್ತಿರುವ ಹಾಗಿತ್ತು. ಹುಡುಗ ಕಂಡಕ್ಟರ್ "ಚಿಲ್ಲರೆ ಕೊಡ್ರಿ" ಎಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಅಕ್ಕ ತಿವಿದಳು.

"ಮಲಗಿಬಿಟ್ಯಾ? ದಾರಿ ತೋರಿಸೋಳು ನೀನು."

ಕೆರೆ ಏರಿಯಲ್ಲಿ ಬಸ್ಸು ಖಾಲಿಯಾಯಿತು. ಕೆರೆ ಇತ್ತು. ಏರಿ ಇತ್ತು. ಅರಮನೆ ಇರಲಿಲ್ಲ.

"ಎಲ್ಲೇ?"

"ಇಲ್ಲೇ ಪಕ್ಕದಲ್ಲಿ ಇರಬೇಕು. ಕೆರೆ ಇದ್ದಲ್ಲಿ ಅರಮನೆ ಇದ್ದೇ ಇರತ್ತೆ. ರಾಣಿಯರು ಸ್ನಾನ ಮಾಡಬೇಡ್ವಾ?"

ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಹುಡುಗ ಮೊಬೈಲನ್ನು ಆಕಾಶಕ್ಕೆ ಹಿಡಿದು ದಾರಿ ಹುಡುಕುತ್ತಿದ್ದ. ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅಮ್ಮಾ, ನಾವು ಊರು ನೋಡೋಕೆ ಬಂದೋರು. ಇಲ್ಲಿ ನೋಡೋಂಥದ್ದು ಏನಿದೆ?" ಎಂದು ಹುಡುಗ ಕೇಳಿದ.

ನನ್ನನ್ನೇ ಕೇಳಿದ. ಜನ್ಮದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ದಾರಿ ಕೇಳಿದ್ದರು. ಎದೆ ಉಬ್ಬಿತು. "ರಾಣಿ ಅರಮನೆ ನೋಡಿದ್ರಾ?" ಎಂದೆ.

"ಇದರಲ್ಲಿ ತೋರಿಸ್ತಿಲ್ಲವಲ್ಲ" ಎಂದು ಅವನು ಮೊಬೈಲು ಉಜ್ಜಿದ.

"ಅದರೊಳಗೆ ಇರೋರು ಬಸ್ಸಲ್ಲಿ ಓಡಾಡಿದ್ದಾರಾ? ನನ್ನ ಹಿಂದೆ ಬನ್ನಿ."

ಅಕ್ಕ ನನ್ನ ಕಿವಿಯಲ್ಲಿ, "ನೀನು ಹಾಳಾಗೋದಲ್ಲದೆ ಪಾಪದ ಮಕ್ಕಳನ್ನೂ ಕರ್ಕೊಂಡು ಹೋಗ್ತಿದೀಯ" ಎಂದಳು.

ಯಾರನ್ನೂ ದಾರಿ ಕೇಳಬಾರದು ಎಂಬುದು ಕರಾರು. ಹಾಗಾಗಿ ನಾನು ಕೇಳದೆ ಕೇಳುವ ಉಪಾಯ ಮಾಡಿದೆ. ದಡದಲ್ಲಿ ದೋಣಿಯವನೊಬ್ಬ ಕೂತಿದ್ದ.

"ಏನಪ್ಪಾ, ರಾಣಿ ಹೇಗಿದ್ದಾರೆ?"

"ದಾರಿ ಕೇಳ್ತಿದೀಯ!" ಎಂದಳು ಅಕ್ಕ.

"ಇಲ್ಲ. ಕ್ಷೇಮ ಸಮಾಚಾರ ಕೇಳ್ದೆ."

ದೋಣಿಯವನು ನಿಟ್ಟುಸಿರು ಬಿಟ್ಟ. "ರಾಣಿಗೆ ತಳ ತೂತಾಗಿದೆ ಅಮ್ಮ. ಟಾರು ಹಚ್ಚಿ ಬೋರಲು ಹಾಕಿದ್ದೀನಿ. ಅಲ್ಲಿ ನೋಡಿ."

ಮರದ ಕೆಳಗೆ ಒಂದು ದೋಣಿ ಬೋರಲು ಬಿದ್ದಿತ್ತು. ಅದರ ಮೈಮೇಲೆ 'ರಾಣಿ' ಎಂದು ಬಣ್ಣದಲ್ಲಿ ಬರೆದಿತ್ತು. ಹುಡುಗ ಅದರದ್ದೂ ಒಂದು ಫೋಟೋ ತೆಗೆದ.

ಏರಿ ಇಳಿದು ಬೀದಿಗೆ ಬಂದೆವು. ಹೊಸಬರಿಗೆ ನನ್ನ ಇನ್ನೊಂದು ಬುದ್ಧಿಮಾತು: ದಾರಿ ತಪ್ಪಿದಾಗ ಬೇಗ ಬೇಗ ನಡೆಯಬೇಕು. ಆಗ ಹಿಂದೆ ಬರುವವರಿಗೆ ಉಸಿರು ಹತ್ತಿ ಪ್ರಶ್ನೆ ಕೇಳಲು ಆಗುವುದಿಲ್ಲ. ಇಸ್ತ್ರಿ ಅಂಗಡಿ ದಾಟಿದೆವು. ಬೀಗ ರಿಪೇರಿಯವನನ್ನು ದಾಟಿದೆವು. ಬೀಗದವನನ್ನು ಇನ್ನೊಂದು ಸಲ ದಾಟಿದೆವು. ಮೂರನೇ ಸಲ ಅವನೇ ಎದ್ದು ನಮಸ್ಕಾರ ಮಾಡಿದ.

ಆಗ ಕಂಡಿತು. ಎತ್ತರದ ಗೇಟು. ಉದ್ದಕ್ಕೆ ಕಂಬಗಳು. ಮೇಲೆ ಬಿಳೀ ಗುಮ್ಮಟ. ಮೆಟ್ಟಿಲ ಮೇಲೆ ಬಿಸಿಲು ಹಾಲಿನ ಹಾಗೆ ಚೆಲ್ಲಿತ್ತು. ಬೋರ್ಡು ಇತ್ತು, ನನಗೆ ಅಕ್ಷರ ಕೂಡಿಸಿ ಓದಲು ಹೊತ್ತು ಬೇಕು. ಓದುವ ಗೋಜಿಗೆ ಹೋಗಲಿಲ್ಲ.

"ನೋಡು" ಎಂದೆ. ಅಷ್ಟೇ ಎಂದೆ. ಅಕ್ಕ ಸೆರಗು ಸರಿಮಾಡಿಕೊಂಡಳು. ಹುಡುಗ ಮೊಬೈಲಿನಿಂದ ಕಣ್ಣೆತ್ತದೆ ಹುಡುಗಿಯನ್ನು ಕಂಬದ ಪಕ್ಕ ನಿಲ್ಲಿಸಿದ. ನಾನು ವಾಚ್‌ಮನ್ ಹತ್ತಿರ ಹೋಗಿ, ದಾರಿ ಕೇಳಲಿಲ್ಲ, "ರಾಣಿ ಒಳಗಿದ್ದಾರಾ?" ಎಂದೆ.

"ಯಾವ ವಾರ್ಡು?"

"ವಾರ್ಡಾ?"

"ಹೆರಿಗೆ ಆಸ್ಪತ್ರೆ ಕಣಮ್ಮಾ. ಒಳಗೆ ಮಲಗಿರೋರೆಲ್ಲ ರಾಣಿಯರೇ. ನೀರು ಕೊಡು, ಮಂಚ ಎತ್ತು, ಗಂಡನ್ನ ಕರಿ, ಗಂಡನ್ನ ಓಡಿಸು. ನಿಮ್ಮ ರಾಣಿ ಹೆತ್ತಾಯ್ತೋ, ಇನ್ನೂ ಇದೆಯೋ?" ಆಮೇಲೆ ಅವನ ಕಣ್ಣು ಆ ಜೋಡಿಯ ಮೇಲೆ ಬಿತ್ತು. "ಓ, ಈ ಹುಡುಗೀನಾ? ಹೆಸರು ಬರೆಸೋದಾದ್ರೆ ಎಡಗಡೆ ಕಿಟಕಿ."

ಹುಡುಗಿಯ ಮುಖ ಕೆಂಪಾಯಿತು. ಹುಡುಗನ ಮುಖ ಬಿಳಿಯಾಯಿತು. "ನಮ್ಮ ಮದುವೆಯಾಗಿ ಇನ್ನೂ ವಾರ ಆಗಿಲ್ಲ" ಎಂದ.

ವಾಚ್‌ಮನ್ ಗಂಭೀರವಾಗಿ, "ಅದು ನಿಮ್ಮ ಮನೆ ವಿಚಾರ" ಎಂದ.

ಅಕ್ಕ ಕಂಬಕ್ಕೆ ಒರಗಿ ನಕ್ಕಳು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗು ನಿಂತ ಮೇಲೆ ಅವಳ ಮುಖ ಬೇರೆಯಾಯಿತು. ನನ್ನ ಕೈ ಹಿಡಿದು ಮೆತ್ತಗೆ ಹೇಳಿದಳು.

"ಸಾಕು ಕಣೇ. ಸೋತೆ ಅಂತ ಒಪ್ಕೋ. ಬಾ ನನ್ನ ಜೊತೆ. ಅಲ್ಲಿ ಒಂದೇ ರಸ್ತೆ, ಕಣ್ಣು ಮುಚ್ಚಿಕೊಂಡು ನಡೀಬಹುದು."

ಅವಳು ಬೈದಿದ್ದರೆ ಜಗಳ ಆಡುತ್ತಿದ್ದೆ. ಮೆತ್ತಗೆ ಹೇಳಿದ್ದಕ್ಕೆ ನನಗೆ ಭಯವಾಯಿತು. ಅವಳ ಊರಿನಲ್ಲಿ ನನಗೆ ಎಲ್ಲ ಇದೆ, ಕಿಟಕಿಯ ಕೆಳಗಿನ ಆ ಜಾಗ ಒಂದು ಇಲ್ಲ.

"ಇನ್ನೂ ಮನೆ ಸೇರಿಲ್ಲ" ಎಂದೆ.

ಬೀಗದವನನ್ನು ನಾಲ್ಕನೇ ಸಲ ದಾಟಿ ಕೆರೆ ಏರಿಗೆ ಬಂದೆವು. ವಾಪಸ್ಸು ಅದೇ ಬಸ್ಸಿನ ದಾರಿ. ಕಂಡಕ್ಟರ್ ಬೇರೆ, ನಡುವಯಸ್ಸಿನವನು, ಕಿವಿಯ ಹಿಂದೆ ಪೆನ್ನು. ಜೋಡಿಯೂ ನಮ್ಮ ಜೊತೆಯೇ ಹತ್ತಿತು, ಅವರ ಲಾಡ್ಜು ಇನ್ನೂ ಮುಂದಂತೆ. ಸಂಜೆಯಾಗುತ್ತಿತ್ತು. ಅಂಗಡಿಗಳ ದೀಪಗಳು ಕಿಟಕಿಯ ಗಾಜಿನಲ್ಲಿ ಈಜಿ ಹೋಗುತ್ತಿದ್ದವು. ಹಳೆ ಜೈಲು. ಗಡಿಯಾರ ಗೋಪುರ. ಹೂವಿನ ಮಾರುಕಟ್ಟೆ. ಈಗ ಎಲ್ಲ ಸರಿಯಾದ ಸಾಲಿನಲ್ಲಿ ಬರುತ್ತಿದ್ದವು, ಅವರು ಕೂಗುತ್ತಿದ್ದ ಹಾಗೆಯೇ. ನನಗೆ ಸುಮ್ಮನೆ ಮೈ ಜುಮ್ಮೆಂದಿತು. ಯಾಕೆ ಎಂದು ತಿಳಿಯಲಿಲ್ಲ. ನನ್ನ ತಲೆ ಕಾಜಾ ಇದ್ದ ಹಾಗೆ, ಗುಂಡಿ ನಿಧಾನಕ್ಕೆ ತೂರುತ್ತದೆ.

ಕಂಡಕ್ಟರ್ ಮುಂದಕ್ಕೆ ಬಗ್ಗಿ ಡ್ರೈವರಿಗೆ ಹೇಳಿದ, "ರಾಣಿ ಅರಮನೆ ಬಂತು, ನಿಧಾನ."

ಅಕ್ಕ ಛಂಗನೆ ಎದ್ದಳು. "ಇದೆ ಕಣೇ! ನಿಜವಾಗ್ಲೂ ಇದೆ!"

ಹುಡುಗ ಮೊಬೈಲು ತೆಗೆದುಕೊಂಡು ಓಡಿದ. ಹುಡುಗಿ ಚಪ್ಪಲಿ ಹಾಕಿಕೊಳ್ಳದೆಯೇ ಇಳಿದಳು. ನಾನು ಕೊನೆಗೆ ಇಳಿದೆ. ಎದುರಿಗೆ ಮುರಿದ ಸೈಕಲ್ಲು. ಬಾಗಿಲಿಲ್ಲದ ಬೀರು. ಹಳೇ ಕಬ್ಬಿಣ. ಅದರ ಪಕ್ಕದ ಓಣಿಯಲ್ಲಿ ನಮ್ಮ ಮನೆ.

"ಎಲ್ಲಿದೆ ಅರಮನೆ?" ಎಂದು ಹುಡುಗ ಕಂಡಕ್ಟರನ್ನು ಕೇಳಿದ.

ಕಂಡಕ್ಟರ್ ಮೆಟ್ಟಿಲ ಮೇಲೆ ನಿಂತು ನಕ್ಕ. "ಅಯ್ಯೋ, ಅರಮನೆ ಇಲ್ಲ ಸ್ವಾಮಿ. ಇದು ಗುಜರಿ ಅಂಗಡಿ ಸ್ಟಾಪು. ನಮ್ಮ ಹಳೇ ಕಂಡಕ್ಟರ್ ಅಣ್ಣ ಒಬ್ರು ಇಟ್ಟ ಹೆಸರು. ಅವರ ಮನೆ ಇಲ್ಲೇ ಎಲ್ಲೋ ಇತ್ತಂತೆ. ಕೆರೆ ಏರಿಯಿಂದ ವಾಪಸ್ಸು ಬರುವಾಗ ಇಲ್ಲಿ ಬಂದ ಕೂಡಲೇ, 'ಬಾಯಿ ಮುಚ್ಚಿ ಎಲ್ರೂ, ರಾಣಿಯವರ ರಾಜ್ಯ ಶುರು' ಅಂತಿದ್ರು. ಪಾಪ, ಹೋಗಿಬಿಟ್ರು. ಹೆಸರು ಉಳ್ಕೊಂಡಿದೆ. ನಾವೂ ಹಾಗೇ ಅಂತೀವಿ."

"ರಾಣಿ ಯಾರು?" ಎಂದು ಹುಡುಗಿ ಕೇಳಿದಳು.

"ಅವರ ಮನೆಯವರಂತೆ. ನಾನು ನೋಡಿಲ್ಲ. ಭಾರೀ ಜೋರಂತೆ."

ಬಸ್ಸು ಹೋಯಿತು. ನಾನು ಬೀರುವಿನ ಪಕ್ಕ ನಿಂತೇ ಇದ್ದೆ. ಮಧ್ಯಾಹ್ನ ಅಷ್ಟು ವರ್ಷ ಅವರು ಕೂಗುತ್ತಿದ್ದದ್ದು ವಾಪಸ್ಸು ಬರುವ ಬಸ್ಸು. ಮನೆಯಲ್ಲೇ ಮಲಗಿ, ಮನೆಗೆ ಬರುತ್ತಿದ್ದರು. ಬಂದು ಟೀ ಕೇಳುತ್ತಿದ್ದರು.

ಅಕ್ಕ ಆ ಜೋಡಿಗೆ ಹೇಳಿದಳು, "ಬನ್ನಿ ಮಕ್ಕಳೇ, ಇನ್ನೊಂದು ಬಸ್ಸು ಬರೋವರೆಗೂ ಒಳಗೆ ಕೂತ್ಕೊಳ್ಳಿ. ರಾಣಿಯವರು ಟೀ ಮಾಡ್ತಾರೆ."

ಹುಡುಗಿ ನನ್ನನ್ನು ಒಂದು ಸಲ, ಗುಜರಿಯನ್ನು ಒಂದು ಸಲ ನೋಡಿದಳು. ಆಮೇಲೆ ಬಗ್ಗಿ ನನ್ನ ಕೈ ಹಿಡಿದುಕೊಂಡಳು. ಹುಡುಗ ಫೋಟೋ ತೆಗೆಯಲಿಲ್ಲ. ಒಳ್ಳೆಯ ಹುಡುಗ.

ಅವರು ಹೋದ ಮೇಲೆ ನಾನೂ ಅಕ್ಕನೂ ಕಿಟಕಿಯ ಕೆಳಗೆ ಚಾಪೆ ಹಾಕಿಕೊಂಡು ಕೂತೆವು.

"ಸೋತೆ" ಎಂದೆ. "ಊರೆಲ್ಲ ಸುತ್ತಿ ನನ್ನ ಮನೆ ಹುಡುಕಿದೆ."

"ಯಾರನ್ನೂ ದಾರಿ ಕೇಳಲಿಲ್ಲ. ನೋಡೋದನ್ನ ತೋರಿಸಿದೆ. ಮನೆ ಸೇರಿಸಿದೆ. ಎಲ್ಲಿ ಸೋತೆ?" ಅಕ್ಕ ಬೇರೆ ಕಡೆ ನೋಡುತ್ತಾ ಹೇಳಿದಳು. "ನೀನು ಇಲ್ಲೇ ಇರು. ನಾಳೆ ಬೆಳಗಿನ ರೈಲಿಗೆ ನಾನೊಬ್ಬಳೇ ಹೋಗ್ತೀನಿ."

ಇಷ್ಟಾದರೂ ಮಾಡೋಣ ಎಂದು, "ಸ್ಟೇಷನ್ನಿಗೆ ನಾನೇ ಕರ್ಕೊಂಡು ಹೋಗಿ ಬಿಡ್ತೀನಿ ಅಕ್ಕ" ಎಂದೆ.

ಅಕ್ಕ ಎರಡೂ ಕೈ ಜೋಡಿಸಿದಳು.

"ಬೇಡ ತಾಯಿ. ನನಗೆ ನಾಳೇನೇ ಊರು ಸೇರಬೇಕು."